ಹತ್ತಿರ ಹತ್ತಿರದ ದರದ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಯಾವುದು? ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲು–ಧೂಳಿಗೆ ಹೊಂದುವ ಆಯ್ಕೆ

ಗೇಮಿಂಗ್ ಪಿಸಿ ಕಟ್ಟಿಸುವವರ ಪಟ್ಟಿಯಲ್ಲಿ ಕೊನೆವರೆಗೂ ಖಾಲಿ ಉಳಿಯುವುದು ಗೇಮ್‌ನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಸಾಲು. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಬೇಗ ನಿಗದಿಯಾಗುತ್ತವೆ. ಕಾರ್ಡ್ ವಿಷಯಕ್ಕೆ ಬಂದರೆ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಮತ್ತು 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580 ಒಂದರ ಪಕ್ಕ ಒಂದು ನಿಲ್ಲುತ್ತವೆ. ಹೋಲಿಕೆಯ ವಿಡಿಯೋ ನೋಡಿದರೆ ಒಂದು ಗೇಮ್‌ನಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು ಮುಂದೆ. ಆ ನಾಲ್ಕಾರು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹಿಡಿದುಕೊಂಡು ನಿರ್ಧಾರ ಮಾಡಬೇಡಿ. ಈ ದರದ ಕಾರ್ಡ್ ನಿಮ್ಮ ಮನೆಯಲ್ಲಿ ನಾಲ್ಕು ವರ್ಷ ಹೇಗೆ ಓಡುತ್ತದೆ ಎನ್ನುವುದು ಮೂರರ ಮೇಲೆ ನಿಂತಿದೆ: ಅದರಲ್ಲಿ ಮೆಮೊರಿ ಎಷ್ಟಿದೆ, ಅದನ್ನು ಕೂರಿಸುವ ಪಿಸಿ ಎಂಥದು, ಆ ಪಿಸಿ ಇರುವ ಕೋಣೆ ಎಷ್ಟು ಕಾಯುತ್ತದೆ. ಮೂರನೆಯದನ್ನು ವಿಮರ್ಶೆಗಳು ಹೇಳುವುದೇ ಇಲ್ಲ, ಯಾಕೆಂದರೆ ಅಲ್ಲಿ ಪರೀಕ್ಷೆ ನಡೆಯುವುದು ತಣ್ಣಗಿನ ಎಸಿ ಕೋಣೆಯಲ್ಲಿ.

ಕಾರ್ಡ್‌ಗಳ ಅಳತೆ

ಆರ್‌ಟಿಎಕ್ಸ್ 5060 ಬಂದದ್ದು 2025ರ ಮೇ ತಿಂಗಳಲ್ಲಿ, 299 ಡಾಲರ್ ದರಕ್ಕೆ. 8 ಜಿಬಿ ಜಿಡಿಡಿಆರ್7 ಮೆಮೊರಿ, 128 ಬಿಟ್ ಬಸ್ (ಚಿಪ್‌ನಿಂದ ಮೆಮೊರಿಗೆ ಹೋಗುವ ದಾರಿಯ ಅಗಲ), ಸೆಕೆಂಡಿಗೆ 448 ಜಿಬಿ ಬ್ಯಾಂಡ್‌ವಿಡ್ತ್ (ಆ ದಾರಿಯಲ್ಲಿ ಸಾಗುವ ಮಾಹಿತಿ), 145 ವ್ಯಾಟ್. ಅದಕ್ಕಿಂತ ಒಂದು ತಿಂಗಳು ಮೊದಲು ಬಂದ 5060 ಟಿಐ ಅದೇ ಬಸ್, ಅದೇ ಬ್ಯಾಂಡ್‌ವಿಡ್ತ್ ಇಟ್ಟುಕೊಂಡು ಕೋರ್ (ಲೆಕ್ಕ ಮಾಡುವ ಘಟಕ) ಸಂಖ್ಯೆಯನ್ನು 3840ರಿಂದ 4608ಕ್ಕೆ ಏರಿಸಿತು, 180 ವ್ಯಾಟ್. ಅದರಲ್ಲಿ 8 ಜಿಬಿಯದು 379 ಡಾಲರ್, 16 ಜಿಬಿಯದು 429. ಆರ್‌ಎಕ್ಸ್ 9060 ಎಕ್ಸ್‌ಟಿ 2025ರ ಜೂನ್‌ನದು: ಜಿಡಿಡಿಆರ್6, ಸುಮಾರು 320 ಜಿಬಿ ಬ್ಯಾಂಡ್‌ವಿಡ್ತ್, 160 ವ್ಯಾಟ್ ಆಸುಪಾಸು, ಓವರ್‌ಕ್ಲಾಕ್ ಮಾದರಿಗಳಾದರೆ 180ರ ಹತ್ತಿರ. 8 ಜಿಬಿಗೆ 299, 16 ಜಿಬಿಗೆ 349 ಡಾಲರ್. ಆರ್ಕ್ ಬಿ580 2024ರ ಡಿಸೆಂಬರ್‌ನದು: 12 ಜಿಬಿ, 192 ಬಿಟ್, 456 ಜಿಬಿ ಬ್ಯಾಂಡ್‌ವಿಡ್ತ್, 190 ವ್ಯಾಟ್, 249 ಡಾಲರ್.

ಬಿಡುಗಡೆಯ ಹೊತ್ತಿನ ಈ ಡಾಲರ್ ದರ ಕಾರ್ಡ್‌ಗಳ ನಡುವಿನ ಅಂತರ ತಿಳಿಯಲಿಕ್ಕೆ ಮಾತ್ರ. ರೂಪಾಯಿ ದರ ವಾರದಿಂದ ವಾರಕ್ಕೆ ಬದಲಾಗುತ್ತದೆ. 2025ರ ಕೊನೆಯಿಂದ ಮೆಮೊರಿ ಚಿಪ್ ದರ ಏರಿದ್ದರಿಂದ ಹೆಚ್ಚು ಜಿಬಿ ಇರುವ ಕಾರ್ಡ್‌ಗಳ ಮೇಲೆ ಒತ್ತಡ ಇನ್ನೂ ಜಾಸ್ತಿ. ಅಂಗಡಿಯಲ್ಲಿ ದರ ಕೇಳುವಾಗ ಹೆಸರಿನ ಜೊತೆ ಜಿಬಿಯನ್ನೂ ಹೇಳಿ ಕೇಳಿ. 9060 ಎಕ್ಸ್‌ಟಿ, 5060 ಟಿಐ ಎರಡಕ್ಕೂ ಒಂದೇ ಹೆಸರಿನಲ್ಲಿ ಎರಡೆರಡು ಕಾರ್ಡ್ ಇವೆ. ಡಬ್ಬಿ ಒಂದೇ ಬಣ್ಣ, ಚಿತ್ರ ಒಂದೇ. ವ್ಯತ್ಯಾಸ ಮೂಲೆಯಲ್ಲಿ ಬರೆದ 8 ಅಥವಾ 16 ಎಂಬ ಅಂಕಿಯಲ್ಲಿ ಮಾತ್ರ. "ಎಲ್ಲರಿಗಿಂತ ನಾವೇ ಕಡಿಮೆಗೆ ಕೊಡ್ತೀವಿ ನೋಡ್ರಿ" ಎನ್ನುವ ಕೊಟೇಶನ್ ಹಲವು ಸಲ 8 ಜಿಬಿಯದೇ ಆಗಿರುತ್ತದೆ.

ಮೊದಲು ಮೆಮೊರಿ

ಗೇಮ್ ಓಡುವಾಗ ಅದರ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ), ನೆರಳು, ಜ್ಯಾಮಿತಿ ಎಲ್ಲ ಕಾರ್ಡ್‌ನ ಮೆಮೊರಿಯಲ್ಲಿ ಕೂರಬೇಕು. ಕಣ ಚಿಕ್ಕದಾದರೆ ರಾಶಿ ಹೊರಗೆ ಚೆಲ್ಲುತ್ತದೆ: ಹಿಡಿಸದ ಭಾಗ ಪಿಸಿಯ ರ‍್ಯಾಮ್‌ಗೆ ಹೋಗಿ, ಬೇಕಾದಾಗಲೆಲ್ಲ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ಮೂಲಕ ಬಂದು ಹೋಗಿ ಮಾಡುತ್ತದೆ. ಕಾರ್ಡ್ ಒಳಗಿನ ದಾರಿ ಸೆಕೆಂಡಿಗೆ 448 ಜಿಬಿಯದು. ಸ್ಲಾಟ್‌ನ ದಾರಿ ಹಳೆಯ ಪಿಸಿಐಇ 3.0 ಬೋರ್ಡ್‌ನಲ್ಲಿ 8 ಲೇನ್‌ಗೆ (ಮಾಹಿತಿ ಓಡುವ ಸಾಲು) ಸುಮಾರು 8 ಜಿಬಿ ಮಾತ್ರ. ಆಗ ಎಫ್‌ಪಿಎಸ್‌ನ ಸರಾಸರಿ 70 ಎಂದು ತೋರಿಸುತ್ತಿದ್ದರೂ ಆಟ ಜರ್ಕ್ ಹೊಡೆಯುತ್ತದೆ. ತಿರುವಿನಲ್ಲಿ ಒಂದು ಕ್ಷಣ ನಿಂತು ಓಡುತ್ತದೆ. ಕೆಲವು ಗೇಮ್‌ಗಳು ನಿಲ್ಲುವ ಬದಲು ಸದ್ದಿಲ್ಲದೆ ಟೆಕ್ಸ್ಚರ್ ಗುಣಮಟ್ಟವನ್ನೇ ಇಳಿಸುತ್ತವೆ. ಗೋಡೆ, ಮುಖ ಎಲ್ಲ ಮಸುಕು. ಹಾಗಾಗಿ ಹೋಲಿಕೆ ನೋಡುವಾಗ ಸರಾಸರಿ ಬಿಟ್ಟು "1% ಲೋ" ಸಾಲು, ಅಂದರೆ ಅತಿ ನಿಧಾನವಾದ ನೂರಕ್ಕೆ ಒಂದು ಭಾಗದ ಎಫ್‌ಪಿಎಸ್ ನೋಡಿ.

ವ್ಯಾಲೊರಂಟ್, ಸಿಎಸ್2, ಡೋಟಾ 2, ಜಿಟಿಎ 5, ಎಮ್ಯುಲೇಟರ್‌ನಲ್ಲಿ ಮೊಬೈಲ್ ಗೇಮ್, ಇಷ್ಟೇ ಆಡುವವರಿಗೆ 1080ಪಿ ಮಾನಿಟರ್‌ನಲ್ಲಿ 8 ಜಿಬಿ ಧಾರಾಳ ಸಾಕು. ಅವರಿಗೆ ಆರ್‌ಟಿಎಕ್ಸ್ 5060 ಒಳ್ಳೆಯ ಕಾರ್ಡ್: ಕರೆಂಟ್ ಕಡಿಮೆ, ಬಿಸಿ ಕಡಿಮೆ, ಒಂದೇ 8 ಪಿನ್ ವೈರ್. ಆದರೆ ಈಚಿನ ದೊಡ್ಡ ಕಥಾ ಗೇಮ್‌ಗಳು ಅಲ್ಟ್ರಾ ಟೆಕ್ಸ್ಚರ್ ಇಟ್ಟರೆ 1080ಪಿಯಲ್ಲೇ 8 ಜಿಬಿ ದಾಟುತ್ತವೆ. ಇನ್ನೊಂದು ಸಂಗತಿ ಜಾಹೀರಾತಿನಲ್ಲಿ ಕಾಣುವುದಿಲ್ಲ. ಬೆಳಕು–ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್‌ಗೂ ಮೆಮೊರಿ ಬೇಕು, ನಡುನಡುವೆ ಹೆಚ್ಚುವರಿ ಚಿತ್ರ ಹುಟ್ಟಿಸುವ ಫ್ರೇಮ್ ಜನರೇಶನ್‌ಗೂ ಬೇಕು. 8 ಜಿಬಿ ಕಾರ್ಡ್ ತೆಗೆದುಕೊಂಡವರು ಯಾವ ಸೌಲಭ್ಯಕ್ಕಾಗಿ ಹೊಸ ಕಾರ್ಡ್ ತಂದರೋ ಅದನ್ನೇ ಆಫ್ ಮಾಡಬೇಕಾದ ಸ್ಥಿತಿ ಬರುತ್ತದೆ.

ಆದ್ದರಿಂದ 8 ಜಿಬಿಯ 5060 ಟಿಐ ಯಾರಿಗೂ ಬೇಡ. ಕೋರ್‌ಗೆ ಹಣ ಕೊಟ್ಟು ಮೆಮೊರಿಯಲ್ಲಿ ಸಿಕ್ಕಿಬೀಳುವ ಕಾರ್ಡ್ ಅದು. ಆ ಹಣಕ್ಕೆ 16 ಜಿಬಿಯ 9060 ಎಕ್ಸ್‌ಟಿ ಸಿಗುತ್ತಿದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. 1440ಪಿ ಮಾನಿಟರ್ ಇದ್ದವರಿಗೂ, ಇನ್ನೆರಡು ವರ್ಷದಲ್ಲಿ ತರುವವರಿಗೂ 16 ಜಿಬಿಯೇ ಸರಿ.

16 ಜಿಬಿಯ ಎರಡರಲ್ಲಿ ಯಾವುದು? ಸಾಮಾನ್ಯ ಗೇಮ್‌ಗಳಲ್ಲಿ 5060 ಟಿಐ ಒಂದು ಕೂದಲೆಳೆ ಮುಂದೆ, ಆಡುತ್ತಿದ್ದರೆ ಗೊತ್ತಾಗದಷ್ಟು. ಭಾರಿ ರೇ ಟ್ರೇಸಿಂಗ್‌ನಲ್ಲಿ ಅದರ ಮುನ್ನಡೆ ಎದ್ದು ಕಾಣುತ್ತದೆ. ಚಿತ್ರವನ್ನು ದೊಡ್ಡದು ಮಾಡುವ ತಂತ್ರದಲ್ಲಿ ಎನ್ವಿಡಿಯಾದ ಡಿಎಲ್‌ಎಸ್‌ಎಸ್ 4 ಹೆಚ್ಚು ಗೇಮ್‌ಗಳಲ್ಲಿದೆ. ಎಎಂಡಿಯ ಎಫ್‌ಎಸ್‌ಆರ್ 4 ಗುಣಮಟ್ಟದಲ್ಲಿ ಹತ್ತಿರ ಬಂದಿದ್ದರೂ ಗೇಮ್‌ಗಳ ಪಟ್ಟಿ ಚಿಕ್ಕದು. ಬರೀ ಆಟಕ್ಕಾದರೆ ದರದ ಅಂತರ ನೂರಕ್ಕೆ ಹದಿನೈದು ದಾಟಿದಾಗ 9060 ಎಕ್ಸ್‌ಟಿ ಲಾಭ.

ಗಂಗಾವತಿ, ಸಿಂಧನೂರು, ಕೊಪ್ಪಳದ ಕಡೆ ಹಗಲು ಮದುವೆ ವಿಡಿಯೋ ಎಡಿಟಿಂಗ್, ರಾತ್ರಿ ಗೇಮ್ ಎಂದು ಒಂದೇ ಪಿಸಿ ಇಟ್ಟುಕೊಂಡವರು ಬಹಳ. ಅವರ ಲೆಕ್ಕ ಬೇರೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚಿರುವ 4:2:2 10 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತವೆ. ಆರ್‌ಟಿಎಕ್ಸ್ 50 ಸರಣಿ ಆ ಫೈಲನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. 40 ಸರಣಿಯಲ್ಲಿ ಆ ಅನುಕೂಲ ಇರಲಿಲ್ಲ. ಟೈಮ್‌ಲೈನ್ ಎಳೆದಾಡುವಾಗಿನ ತಡವರಿಕೆ ಇದರಿಂದ ಹೋಗುತ್ತದೆ. ಬ್ಲೆಂಡರ್ ತಂತ್ರಾಂಶದಲ್ಲಿ 3ಡಿ ಕೆಲಸ, ಎಐ ಕೆಲಸ ಮಾಡುವವರಿಗೂ CUDA ತಂತ್ರಜ್ಞಾನ ಇರುವ ಎನ್ವಿಡಿಯಾ ಕಡೆ ಹೋಗುವುದು ನೆಮ್ಮದಿ. ಇವರು 5060 ಟಿಐ 16 ಜಿಬಿಗೆ ಕೊಡುವ ಹೆಚ್ಚಿನ ಹಣ ಕೆಲಸದಲ್ಲೇ ವಾಪಸ್ ಬರುತ್ತದೆ.

ನಿಮ್ಮ ಪಿಸಿ ಏನು ಹೇಳುತ್ತದೆ

ಹೊಸ ಪಿಸಿಗಾದರೆ ಈ ಭಾಗವನ್ನು ದಾಟಿಕೊಂಡು ಹೋಗಬಹುದು. ಹಳೆಯದಕ್ಕೆ ಹಾಕುವವರು ನಿಧಾನವಾಗಿ ಓದಬೇಕು.

5060 ಮತ್ತು 5060 ಟಿಐ ಕಾರ್ಡ್‌ಗಳ ಉದ್ದನೆಯ ಹಲ್ಲು 16 ಲೇನ್‌ನಂತೆ ಕಂಡರೂ ವಿದ್ಯುತ್ ಸಂಪರ್ಕ ಇರುವುದು 8 ಲೇನ್‌ಗೆ ಮಾತ್ರ. ಬಿ580 ಕೂಡ ಅಷ್ಟೇ. 9060 ಎಕ್ಸ್‌ಟಿಗೆ ಪೂರ್ತಿ 16 ಲೇನ್ ಇದೆ. ಇಂಟೆಲ್ 10ನೇ ತಲೆಮಾರಿನವರೆಗಿನ ಪ್ರೊಸೆಸರ್‌ಗಳೂ, ಬಿ450ಯಂಥ ಎಎಂಡಿ ರೈಜೆನ್ ಬೋರ್ಡ್‌ಗಳೂ ಪಿಸಿಐಇ 3.0ರಲ್ಲೇ ಓಡುತ್ತವೆ. ಅಂಥ ಬೋರ್ಡ್‌ಗೆ 8 ಜಿಬಿ, 8 ಲೇನ್‌ನ ಕಾರ್ಡ್ ಹಾಕುವುದೆಂದರೆ ಮೆಮೊರಿಯೂ ಚಿಕ್ಕದು, ಚೆಲ್ಲಿದ್ದನ್ನು ತರುವ ದಾರಿಯೂ ಕಿರಿದು. ಹಳೆಯ ಬೋರ್ಡ್ ಇದ್ದವರಿಗೆ 9060 ಎಕ್ಸ್‌ಟಿ 16 ಜಿಬಿ ಹೆಚ್ಚು ಹೊಂದುವುದು ಈ ಕಾರಣಕ್ಕೆ.

ಬಿ580 ಕಡಿಮೆ ದರಕ್ಕೆ 12 ಜಿಬಿ ಕೊಡುತ್ತದೆ ಎಂದು ಹಳೆಯ ಪಿಸಿಗೆ ತರಬೇಡಿ. ಅದಕ್ಕೆ ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ರೀಸೈಜಬಲ್ ಬಾರ್, ಅಂದರೆ ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟುವ ಸೌಲಭ್ಯ, ಆನ್ ಆಗಿರಲೇಬೇಕು. ಇಲ್ಲದಿದ್ದರೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಅಂದರೆ ಇಂಟೆಲ್ 10ನೇ ತಲೆಮಾರು ಅಥವಾ ರೈಜೆನ್ 3000 ಸರಣಿಯಿಂದ ಈಚಿನದೇ ಆಗಬೇಕು. ಅಲ್ಲಿಗೂ ಮುಗಿಯುವುದಿಲ್ಲ. ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುವುದರಿಂದ ರೈಜೆನ್ 5 3600ರಂಥವುಗಳ ಜೊತೆ ವಿಮರ್ಶೆಯಲ್ಲಿ ಕಂಡ ಎಫ್‌ಪಿಎಸ್ ಬರುವುದಿಲ್ಲ. ಹೊಸ ಪ್ರೊಸೆಸರ್ ಜೊತೆ, ಸೆಟ್ಟಿಂಗ್ ತಿದ್ದುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಒಳ್ಳೆಯ ವ್ಯಾಪಾರ.

ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಪಿಸಿಗೆ ಕಾರ್ಡ್ ಹುಡುಕುತ್ತಿದ್ದರೆ ಮೇಲಿನ ಯಾವುದೂ ಬೇಡ. ಅದರ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕಾರ್ಡ್‌ಗೆ ಬೇಕಾದ ವೈರೇ ಇರುವುದಿಲ್ಲ. ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ನಡೆಯುವ ಆರ್‌ಟಿಎಕ್ಸ್ 3050 6 ಜಿಬಿ (70 ವ್ಯಾಟ್) ಸಾಕು. ಕ್ಯಾಬಿನೆಟ್ ಸಣ್ಣದಿದ್ದರೆ ಲೋ ಪ್ರೊಫೈಲ್ ಮಾದರಿ ಕೇಳಿ. 3050 8 ಜಿಬಿ ಹೆಸರಿನಲ್ಲಿ ತಮ್ಮನಂತೆ ಕಂಡರೂ 130 ವ್ಯಾಟ್ ಎಳೆಯುವ ಬೇರೆಯೇ ಕಾರ್ಡ್. ಅದಕ್ಕೆ ಪ್ರತ್ಯೇಕ ಪವರ್ ವೈರ್ ಬೇಕು.

ಈಗ ಎಸ್‌ಎಂಪಿಎಸ್. ಹೊರಗೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಂಬದೆ, ಪಕ್ಕದ ಚೀಟಿಯಲ್ಲಿ +12 ವೋಲ್ಟ್ ಸಾಲಿನ ಆಂಪಿಯರ್ ನೋಡಿ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಪೆಟ್ಟಿಗೆಯಲ್ಲಿ ಅದು 18 ಆಂಪಿಯರ್ ಇದ್ದರೆ, 12 ಗುಣಿಸು 18, ಅಂದರೆ 216 ವ್ಯಾಟ್. 5060 ಕಾರ್ಡ್ 145, ಪ್ರೊಸೆಸರ್ 90 ಎಂದರೆ ಅಲ್ಲೇ 235 ಆಯಿತು. ಗೇಮ್ ಶುರುವಾದ ಐದು ನಿಮಿಷಕ್ಕೆ ಪಿಸಿ ತಾನೇ ರೀಸ್ಟಾರ್ಟ್ ಆಗುವುದು, ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುವುದು, ಬಹಳ ಸಲ ಇದರಿಂದಲೇ. ಅಗ್ಗದವುಗಳ ವ್ಯಾಟ್ ಲೆಕ್ಕ 25–30 ಡಿಗ್ರಿಯಲ್ಲಿ ಹಾಕಿದ್ದಿರುತ್ತದೆ. ನಮ್ಮ ಬೇಸಿಗೆಯಲ್ಲಿ ಅಷ್ಟೂ ಬರುವುದಿಲ್ಲ. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತು ಇರುವ 550 ವ್ಯಾಟ್‌ನದು 5060ಗೂ 9060 ಎಕ್ಸ್‌ಟಿಗೂ ಸಾಕು. 5060 ಟಿಐಗೆ ಎನ್ವಿಡಿಯಾ ಹೇಳುವುದು 600, ಬಿ580ಗೂ ಅದನ್ನೇ ಹಿಡಿಯಿರಿ. 8 ಪಿನ್ ವೈರ್ ಇಲ್ಲವೆಂದು ಹಾರ್ಡ್ ಡಿಸ್ಕ್‌ಗೆ ಹೋಗುವ ಸಾಟಾ ವೈರ್‌ನಿಂದ 8 ಪಿನ್ ಮಾಡುವ ಅಡಾಪ್ಟರ್ ಹಾಕಿಸಿಕೊಳ್ಳಬೇಡಿ. ಸಾಟಾ ಕನೆಕ್ಟರ್ ತಾಳುವುದು 54 ವ್ಯಾಟ್, 8 ಪಿನ್ ಕೇಳುವುದು 150. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುವ ಕೆಲಸ ಅದು.

ಬಿಸಿಲು

ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ಎಂದರೆ ಹೊರಗೆ 40 ದಾಟಿದ ಬಿಸಿ. ಆರ್‌ಸಿಸಿ ಮನೆಯ ಮೇಲಿನ ಕೋಣೆ ಹಗಲೆಲ್ಲ ಕಾಯ್ದು ರಾತ್ರಿ ಒಂಬತ್ತಾದರೂ 36–38ರಲ್ಲೇ ಇರುತ್ತದೆ. ಆಟಕ್ಕೆ ಕೂರುವುದು ಆಗಲೇ.

ಕಾರ್ಡ್‌ನ ಕೂಲರ್ ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಎಂದು ಕೆಲಸ ಮಾಡುತ್ತದೆ. 24 ಡಿಗ್ರಿ ಕೋಣೆಯಲ್ಲಿ 68 ತೋರಿಸಿದ ಕಾರ್ಡ್ ಅದೇ ಫ್ಯಾನ್ ವೇಗದಲ್ಲಿ 38 ಡಿಗ್ರಿ ಕೋಣೆಯಲ್ಲಿ 82 ತೋರಿಸುತ್ತದೆ. ಎನ್ವಿಡಿಯಾ ಕಾರ್ಡ್‌ಗಳು ಸಾಮಾನ್ಯವಾಗಿ 83ರ ಆಸುಪಾಸಿನಲ್ಲಿ ತಮ್ಮ ವೇಗ ಇಳಿಸಿಕೊಳ್ಳುತ್ತವೆ. ಹಾಗಾಗಿ ವಿಮರ್ಶೆಯಲ್ಲಿ ಉಷ್ಣತೆ ನೋಡಿದಾಗ ಅದಕ್ಕೆ 14–15 ಕೂಡಿಸಿ. 75 ತೋರಿಸಿದ ಸಿಂಗಲ್ ಫ್ಯಾನ್ ಮಾದರಿ ಇಲ್ಲಿಗೆ ಬೇಡ. ಒಂದೇ ಚಿಪ್‌ನ ಸಿಂಗಲ್ ಫ್ಯಾನ್, ಎರಡು ಫ್ಯಾನ್, ಮೂರು ಫ್ಯಾನ್ ಮಾದರಿಗಳಲ್ಲಿ ಎಫ್‌ಪಿಎಸ್ ಹೆಚ್ಚುಕಡಿಮೆ ಒಂದೇ. 145–180 ವ್ಯಾಟ್‌ಗೆ ಒಳ್ಳೆಯ ಎರಡು ಫ್ಯಾನ್ ಸಾಕು. ಮೂರು ಫ್ಯಾನ್‌ನ ದುಬಾರಿ ಮಾದರಿಗೆ ಕೊಡುವ ಹಣವನ್ನು ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್‌ಗೆ ಹಾಕಿ. ಮುಂಭಾಗ ಪೂರ್ತಿ ಗಾಜಿನದಾದರೆ ನೋಡಲು ಚೆಂದ, ಕಾರ್ಡ್ ಮಾತ್ರ ತನ್ನದೇ ಬಿಸಿ ಗಾಳಿ ಎಳೆಯುತ್ತಾ ಕೂರುತ್ತದೆ. ಮುಂದೆ ಎರಡು 120 ಎಂಎಂ ಫ್ಯಾನ್ ಒಳಗೆ, ಹಿಂದೆ ಒಂದು ಹೊರಗೆ. ಕಾರ್ಡ್ ಉದ್ದ ಮಾದರಿಯಿಂದ ಮಾದರಿಗೆ ಬಹಳ ಬದಲಾಗುವುದರಿಂದ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ, ಮುಂದಿನ ಫ್ಯಾನ್ ದಪ್ಪ 25 ಎಂಎಂ ಕಳೆದು.

ಬೇಸಿಗೆಗೆ ಖರ್ಚಿಲ್ಲದ ಎರಡು ಉಪಾಯ. ಕಾರ್ಡ್‌ನ ಸೆಟ್ಟಿಂಗ್ ತಿದ್ದುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ ನೂರರಿಂದ 85 ಪರ್ಸೆಂಟ್‌ಗೆ ಇಳಿಸಿ. ಎಫ್‌ಪಿಎಸ್ ನೂರಕ್ಕೆ ಮೂರರಿಂದ ಐದು ಕಡಿಮೆಯಾದೀತು, ಬಿಸಿ ಮತ್ತು ಫ್ಯಾನ್ ಸದ್ದು ಅದಕ್ಕಿಂತ ಹೆಚ್ಚು ಇಳಿಯುತ್ತವೆ. ಎರಡನೆಯದು, ಮಾನಿಟರ್ 75 ಹರ್ಟ್ಸ್ ಇದ್ದರೆ ಎಫ್‌ಪಿಎಸ್ ಅಲ್ಲಿಗೇ ಕಟ್ಟಿ. ಕಾಣದ ಫ್ರೇಮ್‌ಗೆ ಕಾರ್ಡ್ ಬೇಯಿಸುವುದರಲ್ಲಿ ಅರ್ಥವಿಲ್ಲ. ಇನ್ನು ಕೋಣೆಯಲ್ಲಿ ನೀರಿನ ಏರ್ ಕೂಲರ್ ಹಾಕಿಕೊಂಡು ಆಡುವವರು ಕ್ಯಾಬಿನೆಟ್ಟನ್ನು ಅದರ ಬಾಯಿಗೆ ನೇರ ಇಡಬೇಡಿ. ಗಾಳಿಯ ಜೊತೆ ಹಾರಿ ಬರುವ ಹನಿ ಒಣಗಿ ಬೋರ್ಡ್ ಮೇಲೆ ಉಪ್ಪು ಕಟ್ಟುತ್ತದೆ. ಐದಾರು ಅಡಿ ದೂರ, ಪಕ್ಕಕ್ಕೆ.

ಧೂಳು

ಸಂಡೂರು–ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಬಟ್ಟೆಯ ನವಿರು ನೂಲು, ರಾಯಚೂರಿನ ಜಿನ್ನಿಂಗ್ ಮಿಲ್ ಸುತ್ತ ಹತ್ತಿಯ ಎಳೆ, ಗಂಗಾವತಿಯಲ್ಲಿ ರೈಸ್ ಮಿಲ್ ತೌಡು. ಇವುಗಳಲ್ಲಿ ಕಾರ್ಡ್‌ಗೆ ಹೆಚ್ಚು ತೊಂದರೆ ಎಳೆಯದು. ಫ್ಯಾನ್ ತೆಗೆದು ನೋಡಿದರೆ ಹೀಟ್‌ಸಿಂಕ್‌ನ ರೆಕ್ಕೆಗಳ ಮೇಲೆ ಬೂದು ಬಣ್ಣದ ತೆಳು ಕಂಬಳಿ ಹೊದಿಸಿದಂತೆ ಹೆಣೆದುಕೊಂಡಿರುತ್ತದೆ. ಹೊರಗಿನಿಂದ ಫ್ಯಾನ್ ಸ್ವಚ್ಛವಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಇಳಿಯುವುದಿಲ್ಲ. ಇಂಥ ಜಾಗದಲ್ಲಿರುವವರು ಕಳಚಲು ಸುಲಭವಾದ ಫಿಲ್ಟರ್ ಇರುವ ಕ್ಯಾಬಿನೆಟ್ ತೆಗೆದುಕೊಂಡು ಎರಡು–ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಹಿಡಿಯುವಾಗ ಫ್ಯಾನ್ ರೆಕ್ಕೆಗೆ ಬೆರಳು ಒತ್ತಿ ನಿಲ್ಲಿಸಿ. ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಸವೆಯುತ್ತದೆ, ಮೋಟಾರ್ ಉಲ್ಟಾ ಕರೆಂಟ್ ಹುಟ್ಟಿಸುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರು ಇರುತ್ತದೆ.

ಕರೆಂಟ್

5060 ಇರುವ ಪಿಸಿ, ಮಾನಿಟರ್ ಸೇರಿ ಆಟದ ಹೊತ್ತಿನಲ್ಲಿ 300–320 ವ್ಯಾಟ್ ಎಳೆಯುತ್ತದೆ. ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಕಾಗದದ ಮೇಲೆ ಸಾಕು, ಆದರೆ ಕಾರ್ಡ್ ಕ್ಷಣಕಾಲ ಹೆಚ್ಚು ಎಳೆದಾಗ ಕೀಂ ಎಂದು ಕೂಗಿ ಆಫ್ ಆಗುತ್ತದೆ. 1000 ವಿಎ, 600 ವ್ಯಾಟ್‌ನದು ಹಾಕಿ. ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರುಗಳಲ್ಲಿ ಎಸ್‌ಎಂಪಿಎಸ್ ಚೀಟಿಯ ಮೇಲೆ 100–240 ವೋಲ್ಟ್ ಎಂದು ಇರಬೇಕು. 200–240 ಎಂದಷ್ಟೇ ಇದ್ದರೆ ಲೈಟ್ ಮಂದವಾದಾಗಲೆಲ್ಲ ಪಿಸಿ ಬೀಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಗೇಮಿಂಗ್ ಪಿಸಿ ಓಡಿಸಬೇಡಿ.

ಕಾರ್ಡ್‌ಗಳ ವ್ಯಾಟ್ ಅಂತರ ಬಿಲ್‌ನಲ್ಲಿ ದೊಡ್ಡದಲ್ಲ. ಬಿ580ಗೂ 5060ಗೂ 45 ವ್ಯಾಟ್ ಅಂತರ. ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ ಐದೂವರೆ ಯೂನಿಟ್. ಆದರೆ ಇಡೀ ಪಿಸಿ 38 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್, ಫ್ಯಾನ್ ಸೇರಿ 170–180ರಲ್ಲಿರುವ ಮನೆಗೆ ಈ 38 ಮುಖ್ಯ. ಅಂಥವರಿಗೆ ಕಡಿಮೆ ವ್ಯಾಟ್‌ನ ಕಾರ್ಡ್ ಮತ್ತು ಎಫ್‌ಪಿಎಸ್ ಕಟ್ಟುವ ಅಭ್ಯಾಸ ಎರಡೂ ಬೇಕು.

ಎಲ್ಲಿ ಕೊಳ್ಳುವುದು, ಹೇಗೆ ನೋಡುವುದು

ರಾಯಚೂರಿನವರು ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ಗೆ, ಬಳ್ಳಾರಿಯವರು ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ತರುವುದುಂಟು, ಉಳಿದವರು ಆನ್‌ಲೈನ್. ಎಲ್ಲಿಯೇ ಆಗಲಿ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ಬಿಲ್ ಇಲ್ಲದೆ ಸಾವಿರ ರೂಪಾಯಿ ಉಳಿಸಿದರೆ ವಾರಂಟಿ ಹೋದಂತೆಯೇ. ಊರಿನ ಅಂಗಡಿಯವರು ತುಸು ಹೆಚ್ಚು ಹೇಳಿದರೂ ಕಾರ್ಡ್ ಕೆಟ್ಟಾಗ ಕಂಪನಿಗೆ ತಾವೇ ಕಳಿಸಿ ತರಿಸಿಕೊಡುವುದಾದರೆ ಆ ಹೆಚ್ಚಿನ ಹಣ ನ್ಯಾಯವಾದದ್ದು. ಆನ್‌ಲೈನ್ ಪಾರ್ಸೆಲ್ ಆದರೆ ಸೀಲ್ ಒಡೆಯುವುದರಿಂದ ಹಿಡಿದು ಸೀರಿಯಲ್ ನಂಬರ್ ಕಾಣುವವರೆಗೆ ಒಂದೇ ವಿಡಿಯೋದಲ್ಲಿ ಹಿಡಿಯಿರಿ, ಡಬ್ಬಿಯನ್ನು ವಾರಂಟಿ ಮುಗಿಯುವವರೆಗೆ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಟಿಎಕ್ಸ್ 3060 12 ಜಿಬಿ ಇನ್ನೂ ಮರ್ಯಾದೆಯ ಕಾರ್ಡ್; 16 ಲೇನ್, 170 ವ್ಯಾಟ್. ಆರ್‌ಎಕ್ಸ್ 6600 ಅಗ್ಗ, 132 ವ್ಯಾಟ್, ಆದರೆ 8 ಜಿಬಿ. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ "2048 ಎಸ್‌ಪಿ" ಎಂಬುದಿದ್ದರೆ ಅದು ಒಳಗೆ 570ರ ಮಟ್ಟದ್ದು. ನಿಜವಾದ 580ಗೆ 2304 ಶೇಡರ್, ಅಂದರೆ ಕೋರ್. ಹಣ ಕೊಡುವ ಮೊದಲು ಕಾರ್ಡ್‌ನ ವಿವರ ತೋರಿಸುವ ಜಿಪಿಯು–ಝಡ್ ತಂತ್ರಾಂಶ ತೆರೆದು ಶೇಡರ್ ಸಂಖ್ಯೆ, ಮೆಮೊರಿ ಗಾತ್ರ ನೋಡಿ. ಬಯಾಸ್ ತಿದ್ದಿದ ನಕಲಿ ಕಾರ್ಡ್ ಆದರೆ ಬಹುತೇಕ ಹೆಸರಿನ ಮೊದಲಿಗೇ ಫೇಕ್ ಎಂದು ಬರುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಭಾರವಾದ ಗೇಮ್ ಓಡಿಸಿ. ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ತೋರಿಸುವ ಕಾರ್ಡ್‌ನಲ್ಲಿ ಅದಕ್ಕೂ ಕೋರ್‌ಗೂ 30 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಚಿಪ್–ಕೂಲರ್ ನಡುವಿನ ಪೇಸ್ಟ್ ಒಣಗಿದೆ ಅಥವಾ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ.

ಹೊಸ ಕಾರ್ಡ್ ಕೂರಿಸುವಾಗ ಹಳೆಯ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ತಂತ್ರಾಂಶದಿಂದ ತೆಗೆದುಹಾಕಿ, ಎಎಂಡಿಯಿಂದ ಎನ್ವಿಡಿಯಾಗೆ ಬದಲಾಯಿಸುವವರಂತೂ ತಪ್ಪದೆ. ಸ್ಲಾಟ್‌ನ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ, ಎರಡೂ ಸ್ಕ್ರೂ ಬಿಗಿ ಮಾಡಿ, ಮಾನಿಟರ್ ವೈರನ್ನು ಕಾರ್ಡ್‌ಗೆ ಹಾಕಿ. ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿ "ಹೊಸ ಕಾರ್ಡ್ ಸ್ಪೀಡೇ ಇಲ್ಲ" ಎನ್ನುವವರು ಇಂದಿಗೂ ಇದ್ದಾರೆ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್, ಅಬೋವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್. ವಿಂಡೋಸ್ ಹಳೆಯ ಎಂಬಿಆರ್ ವಿಧಾನದಲ್ಲಿ ವಿಭಾಗಿಸಿದ ಡಿಸ್ಕ್ ಮೇಲಿದ್ದರೆ ಸಿಎಸ್‌ಎಂ ಆಫ್ ಮಾಡಿದ ಮೇಲೆ ಬೂಟ್ ಆಗುವುದಿಲ್ಲ. ಮೊದಲು ಅದನ್ನು ಹೊಸ ಜಿಪಿಟಿ ವಿಧಾನಕ್ಕೆ ಬದಲಾಯಿಸಿಕೊಳ್ಳಿ.

ಮೊದಲ ದಿನವೇ ಕೋಣೆಯ ಉಷ್ಣತೆ ಮತ್ತು ಅರ್ಧ ತಾಸು ಆಡಿದ ಮೇಲಿನ ಕಾರ್ಡ್ ಉಷ್ಣತೆ, ಎರಡನ್ನೂ ಬರೆದಿಡಿ, ಫ್ಯಾನ್ ವೇಗದ ಸಮೇತ. ನೋಡಬೇಕಾದದ್ದು ಎರಡರ ಅಂತರ. ಆರು ತಿಂಗಳ ನಂತರ ಅದೇ ಗೇಮ್‌ನಲ್ಲಿ ಆ ಅಂತರ ಏಳೆಂಟು ಡಿಗ್ರಿ ಹೆಚ್ಚಿದ್ದರೆ ಧೂಳು ತೆಗೆಯಿರಿ. ತೆಗೆದ ಮೇಲೂ ಇಳಿಯದಿದ್ದರೆ, ವಾರಂಟಿ ಇರುವಾಗಲೇ ಕಾರ್ಡನ್ನು ಸರ್ವಿಸ್‌ಗೆ ಕಳಿಸಿ, ನೀವೇ ಬಿಚ್ಚಬೇಡಿ.